ಏಳನೆಯ ಬಾಗಿಲಿನ ಮಾತು

"ನಿಮ್ಮಕ್ಕ ಹೇಳಿ ಕಳಿಸಿದಾಳೆ," ಎಂದ ದೋಣಿಯವ, ಮಠದ ಬಾಗಿಲಲ್ಲಿ ನಿಂತು. "ಉಸಿರು ಇನ್ನೊಂದೆರಡು ದಿನದ್ದಂತೆ. ಬರೋವಾಗ ಪುಸ್ತಕ ತಗೊಂಡು ಬಾ ಅಂದ್ಲು. ಪುಸ್ತಕ ಮರೆತ್ರೆ ನೀನು ಬರೋದೇ ಬೇಡವಂತೆ."

ಪೆಬೋಸನ ಮೊಣಕೈವರೆಗೂ ಹಿಟ್ಟಿನ ಅಂಟು ಮೆತ್ತಿತ್ತು. ಪುಸ್ತಕಗಳಿಗೆ ಹೊದಿಕೆ ಕಟ್ಟುವ ಕೋಣೆಯಿಂದ ಹಾಗೇ ಎದ್ದು ಬಂದಿದ್ದ. ಮೂವತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಅಂಟು. ಆಡಿನ ತೊಗಲನ್ನು ಹದ ಮಾಡಿ, ಒಳಗೆ ರಟ್ಟಿಟ್ಟು ಅವನು ಕಟ್ಟಿದ ಹೊದಿಕೆ ನದಿಯ ಎರಡೂ ದಡದಲ್ಲಿ ಹೆಸರುವಾಸಿ. ಅಂಥವನು ಈಗ ದೋಣಿಯವನ ಮುಖ ನೋಡುತ್ತ ಕೈಯಲ್ಲಿದ್ದ ಅಂಟನ್ನು ಉಗುರಿನಿಂದ ಕೆರೆಯತೊಡಗಿದ.

"ಏನ್ ಹೇಳ್ಲಿ ಅವಳಿಗೆ?"

"ತರ್ತೀನಿ ಅನ್ನು," ಎಂದ ಪೆಬೋಸ್.

ಹೇಳಿಯೇನೋ ಬಿಟ್ಟ. ಆದರೆ ಪುಸ್ತಕ ಇರಲಿಲ್ಲ. ಇಲ್ಲವೆಂದೂ ಅಲ್ಲ, ಇದೆಯೆಂದೂ ಅಲ್ಲ. ಅದು ಯಾವ ಸ್ಥಿತಿಯಲ್ಲಿತ್ತು ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು.

ತಾಯಿ ತೀರಿಕೊಂಡಾಗ ಪೆಬೋಸನಿಗೆ ಎರಡು ವರ್ಷ, ಅಕ್ಕ ತಲೂಸಳಿಗೆ ಹದಿನಾಲ್ಕು. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಈರುಳ್ಳಿ ಕಿತ್ತಳು, ಬೆನ್ನಿಗೆ ಕಟ್ಟಿಕೊಂಡೇ ನೂಲು ತೆಗೆದಳು. ಮದುವೆ ಎಂದು ಬಂದವರಿಗೆಲ್ಲ "ಮೊದಲು ಇವನ ಮೂಗು ಒರೆಸಿ ಮುಗೀಲಿ" ಎಂದು ಹೇಳಿ ಹೇಳಿ ಮದುವೆಯ ವಯಸ್ಸನ್ನೇ ಕಳೆದಳು. ಎಣ್ಣೆ ಗಾಣದ ಕೊಲ್ಲೂಥನ ಮನೆಯಲ್ಲಿ ವಾರಕ್ಕೊಮ್ಮೆ ಏಳೆಂಟು ಜನ ಸೇರುತ್ತಿದ್ದರು. ಅರಿವಿನವರು ಎಂದು ಅವರ ಹೆಸರು. ತಲೂಸ ಆ ಗುಂಪಿಗೆ ಸೇರಿದಳು, ಬೆನ್ನ ಮೇಲಿದ್ದ ಪೆಬೋಸನೂ ಸೇರಿದ ಹಾಗಾಯಿತು.

ಕೊಲ್ಲೂಥ ಗಂಟೆಗಟ್ಟಲೆ ಹೇಳುತ್ತಿದ್ದುದನ್ನು ತಲೂಸ ಬೇಳೆ ಬೇಯುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದಳು. ಎಲ್ಲಕ್ಕಿಂತ ಮೇಲೆ ಹೆಸರಿಲ್ಲದ ತಂದೆ. ಅವನ ಮನೆಯ ಹೆಣ್ಣು, ಮೇಲಿನ ಅಮ್ಮ, ಯಾರನ್ನೂ ಕೇಳದೆ ತಾನೊಬ್ಬಳೇ ಒಂದು ಕೂಸು ಹೆತ್ತಳು. ಕೂಸು ಕುರುಡಾಗಿ ಹುಟ್ಟಿತು. ನಾಚಿಕೆಯಾಗಿ ಮೋಡದಲ್ಲಿ ಮುಚ್ಚಿಟ್ಟಳು. ಅದು ಸುತ್ತ ತಡಕಾಡಿ, ಯಾರೂ ಕೈಗೆ ಸಿಗದೆ, "ನಾನೊಬ್ಬನೇ ದೇವರು" ಎಂದು ಕೂಗಿಕೊಂಡಿತು. ಈ ಲೋಕ ಕಟ್ಟಿದ್ದು ಆ ಕುರುಡು. "ಅದಕ್ಕೇ ಕಣೋ, ಈರುಳ್ಳಿಗೆ ಹುಳ, ಹಸುಗೂಸಿಗೆ ಜ್ವರ. ಕಣ್ಣಿದ್ದೋನು ಕಟ್ಟಿದ್ರೆ ಹೀಗಿರ್ತಿತ್ತಾ?" ಅಮ್ಮ ಆಮೇಲೆ ತಪ್ಪಾಯಿತೆಂದು ಅತ್ತಳು. ಅವಳಿಂದ ಉದುರಿದ ಬೆಳಕಿನ ಚೂರು ಒಬ್ಬೊಬ್ಬರ ಒಳಗೂ ಇದೆ. ಸತ್ತಾಗ ಅದು ಮನೆಗೆ ಹೊರಡುತ್ತದೆ. ದಾರಿಯಲ್ಲಿ ಏಳು ಆಕಾಶ, ಏಳು ಬಾಗಿಲು, ಬಾಗಿಲಿಗೊಬ್ಬ ಸುಂಕದವನು. ಪ್ರತಿಯೊಬ್ಬನೂ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದವರು ದಾಟುತ್ತಾರೆ, ಗೊತ್ತಿಲ್ಲದವರು ಮತ್ತೆ ಕೆಳಗೆ ಬಂದು ಈರುಳ್ಳಿ ಕೀಳುತ್ತಾರೆ. ಯೇಸು ಸ್ವಾಮಿ ಇಳಿದು ಬಂದದ್ದೇ ಆ ಏಳು ಉತ್ತರ ಹೇಳಿಕೊಡುವುದಕ್ಕೆ.

ಆರು ಉತ್ತರ ಗುಂಪಿನವರೆಲ್ಲರಿಗೂ ಬಾಯಿಪಾಠವಾಗಿತ್ತು. ತಲೂಸ ಬೀಸುವಾಗ ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದಳು. ಏಳನೆಯದು ಮಾತ್ರ ಬದುಕಿದ್ದವರ ಕಿವಿಗೆ ಬೀಳಬಾರದು. ಸಾಯುವವರ ನೆತ್ತಿಗೆ ಎಣ್ಣೆ ನೀರು ಬೆರೆಸಿ ಹಚ್ಚಿ, ಓದಬಲ್ಲವನೊಬ್ಬ ಪುಸ್ತಕ ನೋಡಿ ಅದನ್ನು ಕಿವಿಯಲ್ಲಿ ಉಸುರಬೇಕು, ಅವರು ಅದನ್ನು ತಿರುಗಿ ಹೇಳಿ ಕಣ್ಣು ಮುಚ್ಚಬೇಕು. ಅದು ಅವರ ಪದ್ಧತಿ. ಪೆಬೋಸನಿಗೆ ಹದಿನೆಂಟಾದಾಗ ಕೊಲ್ಲೂಥ ಅವನ ಕೈಯಲ್ಲಿ ಎಲ್ಲವನ್ನೂ ಬರೆಸಿದ. ಕೊನೆಯ ಹಾಳೆಯ ಕೊನೆಯ ಸಾಲು ಬರೆಸಿದ ಮೇಲೆ, "ಬರೆದ್ಯಲ್ಲ, ಈಗ ಮರೆತುಬಿಡು. ನಾಲಿಗೆ ಮೇಲೆ ಇಟ್ಕೋಬೇಡ," ಎಂದಿದ್ದ. ಮರುವರ್ಷ ಕೊಲ್ಲೂಥ ಸಾಯುವಾಗ ಅವನ ಕಿವಿಯಲ್ಲಿ ಅದನ್ನು ಓದಿದ್ದೂ ಪೆಬೋಸನೇ. ಆಮೇಲೆ ಹೇಳಿದ ಹಾಗೆ ಮರೆತ. ಪೆಬೋಸ್ ಯಾವಾಗಲೂ ವಿಧೇಯನೇ, ಕಡೆಗೆ ಯಾರು ಮಾತಾಡಿದರೋ ಅವರ ಮಾತು ಕೇಳುವವನು.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನು ಮಠ ಸೇರಿದ. ಹೊಟ್ಟೆಗೆ ರೊಟ್ಟಿ, ಕೈಗೆ ಕಸುಬು, ನಾಲ್ಕು ಜನರ ಮರ್ಯಾದೆ. ತಲೂಸ ಬೇಡವೆನ್ನಲಿಲ್ಲ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿದಳು. "ನನ್ನದು ಮಣ್ಣಿನ ಗೋಡೆ, ಗೆದ್ದಲು ಜೊಂಡುಹಾಳೆ ತಿನ್ನೋಕೆ ಕಾಯ್ತಿದೆ. ನಿಮ್ಮದು ಕಲ್ಲಿನ ಗೋಡೆ. ನೀನೇ ಇಟ್ಕೋ. ನನ್ನ ಹೊತ್ತು ಬಂದಾಗ ತಗೊಂಡು ಬಂದು ಓದು. ಅಷ್ಟು ಮಾಡು ಸಾಕು." ಬೇರೇನನ್ನೂ ಅವಳು ಅವನಿಂದ ಯಾವತ್ತೂ ಕೇಳಿದವಳಲ್ಲ.

ಇಪ್ಪತ್ತೆಂಟು ವರ್ಷ ಪುಸ್ತಕ ಅವನ ಚಾಪೆಯ ಕೆಳಗಿತ್ತು. ಮಠದಲ್ಲಿ ಅಂಥವು ಬೇರೆಯವರ ಬಳಿಯೂ ಇದ್ದವು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾಲ್ಕು ಈಸ್ಟರ್ ಹಿಂದೆ ಅಲೆಕ್ಸಾಂಡ್ರಿಯದ ದೊಡ್ಡ ಗುರುಗಳ ಹಬ್ಬದ ಪತ್ರ ಬಂತು. ಯಾವ ಪುಸ್ತಕ ಓದಬಹುದು ಎಂಬ ಪಟ್ಟಿ ಅದರಲ್ಲಿತ್ತು, ಉಳಿದವುಗಳ ಸಹವಾಸ ಬೇಡವೆಂದಿತ್ತು. ಪತ್ರ ಓದಿಸಿ ಮುಗಿಸಿದ ಮೇಲೆ ಮಠದ ಹಿರಿಯ ಹೊರಿಯೋನ್ ಅಪ್ಪ ಕೆಮ್ಮಿ, "ಕೇಳಿದ್ರಲ್ಲ. ನಾನಂತೂ ಯಾರ ಚಾಪೆ ಎತ್ತಿ ನೋಡೋನಲ್ಲ. ನಿಮ್ಮ ನಿಮ್ಮ ಆತ್ಮ, ನಿಮ್ಮ ನಿಮ್ಮ ಚಾಪೆ. ನಡೀರಿ, ಬೇಳೆ ಆರಿಹೋಗ್ತದೆ," ಎಂದ.

ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ. ಆದರೆ ಹಾಗೆನ್ನುವಾಗ ಅಪ್ಪನ ಕಣ್ಣು ತನ್ನ ಮೇಲೆ ನಿಂತಿತ್ತೆಂದು ಪೆಬೋಸನಿಗೆ ಅನ್ನಿಸಿತು. ಹೊರಿಯೋನ್ ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಎರಡು ಮಾರು ದೂರ ಇರುವುದು ಕತ್ತೆಯೋ ಮನುಷ್ಯನೋ ತಿಳಿಯುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂತಲೂ ಯಾರೂ ಅಂದಿರಲಿಲ್ಲ.

ಊಟಕ್ಕೂ ಕೂರದೆ ಕೋಣೆಗೆ ಹೋದ. ಮೇಜಿನ ಮೇಲೆ ಅಕ್ಕನ ಊರಿನ ಪಾದ್ರಿ ತನ್ನ ಗುಡಿಗೆಂದು ಬರೆಸಿದ್ದ ಕೀರ್ತನೆಗಳ ಪುಸ್ತಕ ಹೊದಿಕೆಗಾಗಿ ಕಾಯುತ್ತಿತ್ತು. ಹೊದಿಕೆಯ ರಟ್ಟಿಗೆ ಹಳೆಯ ಕಾಗದಪತ್ರ, ರದ್ದಿ ಹಾಳೆ, ಸಿಕ್ಕಿದ್ದನ್ನೆಲ್ಲ ಅಂಟಿನಲ್ಲಿ ಒಂದರ ಮೇಲೊಂದು ಮೆತ್ತುವುದು ಕಸುಬಿನ ರೂಢಿ. ಅವತ್ತು ಪೆಬೋಸ್ ರದ್ದಿಯ ಬುಟ್ಟಿಗೆ ಕೈ ಹಾಕಲಿಲ್ಲ. ಕೊಲ್ಲೂಥನ ಪುಸ್ತಕದ ದಾರ ಬಿಚ್ಚಿ, ಇಪ್ಪತ್ತು ಹಾಳೆಗಳನ್ನು ಹತ್ತು ಹತ್ತಾಗಿ ಮೆತ್ತಿದ. ಮೇಲೆ ಒತ್ತುಗಲ್ಲು ಇಟ್ಟ. ಒಣಗಿದ ಮೇಲೆ ತೊಗಲು ಹೊದಿಸಿದ, ಒಳಮೈಗೆ ಬಿಳಿಯ ಹಾಳೆ ಅಂಟಿಸಿದ. ಸುಡಲಿಲ್ಲವಲ್ಲ, ನದಿಗೆ ಎಸೆಯಲಿಲ್ಲವಲ್ಲ, ಪುಸ್ತಕ ಅದರೊಳಗೇ ಇದೆಯಲ್ಲ, ಇದಕ್ಕಿಂತ ಭದ್ರವಾದ ಜಾಗ ಎಲ್ಲಿದೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ವರ್ಷಕ್ಕೊಮ್ಮೆ ಅಕ್ಕನನ್ನು ನೋಡಲು ಹೋದಾಗೆಲ್ಲ ಅವಳು "ಪುಸ್ತಕ ಹೇಗಿದೆ?" ಎಂದು ಕೇಳುತ್ತಿದ್ದಳು, "ಭದ್ರವಾಗಿದೆಯಕ್ಕ," ಎಂದು ಅವನು ಹೇಳುತ್ತಿದ್ದ. ನಾಲ್ಕು ವರ್ಷ ಆ ಮಾತು ಸಲೀಸಾಗಿ ಹೊರಬಂದಿತ್ತು.

ಹೊರಿಯೋನ್ ಅಪ್ಪ ಕೇಳಿದ ತಕ್ಷಣ ಅಪ್ಪಣೆ ಕೊಟ್ಟ. "ಸತ್ತ ಮೇಲೆ ಓಡೋದಕ್ಕಿಂತ ಉಸಿರಿರೋವಾಗ ಹೋಗೋದು ಮೇಲು. ನಡಿ."

ನದಿ ತಗ್ಗಿತ್ತು, ದೋಣಿ ಮರಳ ದಿಬ್ಬಗಳನ್ನು ಬಳಸಿ ಬಳಸಿ ಹೋಗಬೇಕಾಗಿತ್ತು. ದಾರಿಯುದ್ದಕ್ಕೂ ಪೆಬೋಸ್ ಏಳನೆಯ ಉತ್ತರವನ್ನು ನೆನಪಿಸಿಕೊಳ್ಳಲು ಹೆಣಗಿದ. ಹದಿನೆಂಟರ ಹುಡುಗನ ಕೈ ಕಂಡಿತು, ಕೊಲ್ಲೂಥನ ಎಣ್ಣೆ ಮೆತ್ತಿದ ಹೆಬ್ಬೆರಳು ಕಂಡಿತು, ಹಾಳೆಯ ಮೂಲೆಯ ಕಲೆ ಕಂಡಿತು. ಮಾತು ಮಾತ್ರ ಬರಲಿಲ್ಲ.

ತಲೂಸ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಕ್ಕದಲ್ಲಿ ಊರ ಪಾದ್ರಿ ಪಟೆರ್ಮೂತನ ಹೆಂಡತಿ ಬೇಳೆಯ ಗಂಜಿ ಹಿಡಿದು ಕೂತಿದ್ದಳು. ಪೆಬೋಸ್ ಬಂದದ್ದು ನೋಡಿ ಅವಳು ಎದ್ದು ಹೋದಳು.

"ಬಂದ್ಯಾ ಮೂಗುಸುರುಕ," ಎಂದಳು ತಲೂಸ. "ಗಡ್ಡವೆಲ್ಲ ಬೆಳ್ಳಗಾಯ್ತಲ್ಲೋ. ಪುಸ್ತಕ ಎಲ್ಲಿ?"

"ಹೇಗಿದೀಯಕ್ಕ?"

"ಸಾಯ್ತಾ ಇದೀನಿ, ಇನ್ನ ಹೇಗಿರ್ತೀನಿ. ಪುಸ್ತಕ ಎಲ್ಲಿ ಅಂದೆ."

"ಇಲ್ಲೇ ಊರಲ್ಲೇ ಇದೆ. ಪಾದ್ರಿ ಅಯ್ಯನೋರ ಹತ್ರ. ಹೋಗಿ ತರ್ತೀನಿ."

ತಲೂಸ ಕಣ್ಣು ಕಿರಿದು ಮಾಡಿದಳು. "ಆ ಪಾರಿವಾಳದೋನ ಹತ್ರ ಅದು ಯಾಕೆ ಹೋಯ್ತು? ಅವನ ಕುರುಡು ದೇವರಿಗೆ ಓದಿ ಹೇಳೋಕಾ?"

"ಬಂದು ಹೇಳ್ತೀನಿ."

"ಬೇಗ ಬಾ. ಆರು ನಾನು ಹೇಳ್ಕೋತೀನಿ. ನೀನು ಬರೋವರೆಗೆ ಏಳನೆಯವನನ್ನ ಮಾತಾಡಿಸ್ತಾ ಇರ್ತೀನಿ," ಎಂದು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೂ ಪೆಬೋಸ್ ಅವಳ ಬೆನ್ನು ನೀವಿದ. ಒಂದು ಕಾಲಕ್ಕೆ ತನ್ನನ್ನು ಹೊತ್ತ ಬೆನ್ನು. ಈಗ ಬರೀ ಮೂಳೆ.

ಪಟೆರ್ಮೂತ ಗುಡಿಯ ಹಿಂದೆ ಪಾರಿವಾಳದ ಗೋಪುರದ ಬುಡದಲ್ಲಿ ಗೊಬ್ಬರ ಕೆರೆಯುತ್ತಿದ್ದ. ದಪ್ಪ ಮನುಷ್ಯ, ದೊಡ್ಡ ದನಿ. ಪೆಬೋಸನಿಗಿಂತ ಮೂರು ವರ್ಷಕ್ಕೆ ದೊಡ್ಡವನು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕಾಲುವೆಯಲ್ಲಿ ಈಜಿದವರು.

"ಏನಯ್ಯಾ ಪೆಬೋಸ್! ನಿಮ್ಮಕ್ಕ ನಿನ್ನೆ ನನಗೆ ಏನಂದ್ಲು ಗೊತ್ತಾ? ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ಲಾ ಅಂದೆ. 'ನಿನ್ನ ದೇವರಿಗೆ ಕಣ್ಣು ಕಾಣ್ಸಲ್ಲ, ನಾನು ಎಲ್ಲಿದೀನಿ ಅಂತ ಹುಡುಕ್ಕೊಂಡು ಬರೋದು ಕಷ್ಟ, ಬಿಡು' ಅಂದ್ಲು. ಸಾಯೋವಾಗ್ಲೂ ನಾಲಿಗೆ ಮೊಂಡಾಗಿಲ್ಲ!"

"ಅಯ್ಯನೋರೆ, ಕೀರ್ತನೆ ಪುಸ್ತಕ ಒಂದ್ಸಲ ಬೇಕಿತ್ತು. ಹೊದಿಕೆ ಬಿಚ್ಚಬೇಕು."

"ಯಾಕೆ? ಅದಕ್ಕೇನಾಗಿದೆ? ಇಡೀ ಸೀಮೆಯಲ್ಲಿ ಅಂಥ ಹೊದಿಕೆ ಇಲ್ಲ."

ಪೆಬೋಸ್ ಸುಳ್ಳೊಂದನ್ನು ದೋಣಿಯಲ್ಲೇ ಸಿದ್ಧ ಮಾಡಿಕೊಂಡಿದ್ದ. ಹುಳ ಬಿದ್ದಿರಬಹುದು ಎಂದು ಹೇಳುವುದೆಂದಿತ್ತು. ಬಾಯಿ ತೆರೆದಾಗ ಅದು ಬರಲಿಲ್ಲ, ನಿಜವೇ ಬಂತು. ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದ. ಪಟೆರ್ಮೂತ ಗುದ್ದಲಿ ಹಿಡಿದೇ ಕೇಳಿದ. ಕೇಳಿ ಮುಗಿದ ಮೇಲೆ ಗುದ್ದಲಿಯನ್ನು ಗೋಡೆಗೆ ಒರಗಿಸಿದ.

"ಅಂದ್ರೆ ನಾಲ್ಕು ವರ್ಷದಿಂದ ನಾನು ತಲೆ ಮೇಲೆ ಹೊತ್ತು ಮೆರೆಸ್ತಿರೋದು..."

"ಹೌದು."

"ಇಡೀ ಊರು ಮುತ್ತಿಡ್ತಾ ಇರೋದು..."

"ಹೌದು ಅಯ್ಯನೋರೆ."

ಬೈಗುಳಕ್ಕೆ ಪೆಬೋಸ್ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ಪಟೆರ್ಮೂತ ಒಳಗೆ ಹೋಗಿ ಪುಸ್ತಕವನ್ನೂ ಒಂದು ಬಟ್ಟಲು ನೀರನ್ನೂ ತಂದು ಕಲ್ಲುಕಟ್ಟೆಯ ಮೇಲಿಟ್ಟ.

"ಬಿಚ್ಚು. ಕೀರ್ತನೆ ಹಾಳೆಗೆ ನೀರು ತಾಗಿಸ್ಬೇಡ, ಅಷ್ಟು ನೋಡ್ಕೋ."

ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಒಳಮೈಯ ಬಿಳಿಯ ಹಾಳೆಯನ್ನು ಚೂರಿಯ ತುದಿಯಿಂದ ಎತ್ತಿ, ತೊಗಲಿನ ಮಡಿಕೆ ಸಡಿಲಿಸಿ, ರಟ್ಟನ್ನು ಹೊರಗೆಳೆದ. ಒದ್ದೆ ಬಟ್ಟೆ ಒತ್ತಿ ಒತ್ತಿ ಒಂದೊಂದೇ ಪದರ ಬಿಡಿಸಿದ. ಅವನದೇ ಹದಿನೆಂಟರ ಅಕ್ಷರ, ಕಾಡಿಗೆಯ ಮಸಿ, ದುಂಡಗೆ ಎದ್ದು ಬರುತ್ತಿತ್ತು. ಮೇಲಿನ ಅಮ್ಮ ಬಂದಳು, ಕುರುಡು ಕೂಸು ಬಂತು. ಕೆಲವು ಕಡೆ ಮಸಿ ಬಟ್ಟೆಗೇ ಅಂಟಿಕೊಂಡು ಹೋಯಿತು. ಮೊದಲ ರಟ್ಟಿನಲ್ಲಿ ಕೊನೆಯ ಹಾಳೆ ಇರಲಿಲ್ಲ. ಎರಡನೆಯದರಲ್ಲಿ, ಎಲ್ಲಕ್ಕಿಂತ ಅಡಿಯಲ್ಲಿ ಸಿಕ್ಕಿತು. ಮೂಲೆಯಲ್ಲಿ ಕೊಲ್ಲೂಥನ ಹೆಬ್ಬೆರಳಿನ ಎಣ್ಣೆಯ ಕಲೆ ಹಾಗೇ ಇತ್ತು.

ಒಂದನೆಯವನು ಕೇಳುತ್ತಾನೆ. ಎರಡನೆಯವನು ಕೇಳುತ್ತಾನೆ. ಪೆಬೋಸನ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಆರನೆಯವನು ಕೇಳುತ್ತಾನೆ, ನಿನ್ನ ಗಂಟಿನಲ್ಲಿ ಏನಿದೆ? ನೀನು ಹೇಳು, ಇಲ್ಲಿಯದು ಏನೂ ಇಲ್ಲ. ಏಳನೆಯವನು ಕೇಳುತ್ತಾನೆ, ನಿನ್ನನ್ನು ಏಕೆ ಬಿಡಬೇಕು? ಆಗ ನೀನು ಹೇಳು,

ಅಲ್ಲಿಗೆ ಹಾಳೆ ಮುಗಿದಿತ್ತು.

ಅಂಚು ನೇರವಾಗಿತ್ತು. ಅಷ್ಟು ನೇರವಾದ ಅಂಚು ಇಡೀ ಮಠದಲ್ಲಿ ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಅಕ್ಕನ ಪುಸ್ತಕ ಕೀರ್ತನೆ ಪುಸ್ತಕಕ್ಕಿಂತ ಮೂರು ಬೆರಳು ಉದ್ದವಿತ್ತು. ರಟ್ಟನ್ನು ಅಳತೆಗೆ ಕೊಯ್ಯದಿದ್ದರೆ ಹೊದಿಕೆ ಚೆನ್ನಾಗಿ ಕೂರುವುದಿಲ್ಲ. ಅಂದು ಹೆದರಿದ್ದರೂ ಕಸುಬು ಮರೆತಿರಲಿಲ್ಲ, ಮಟ್ಟಗೋಲಿಟ್ಟು ಅಚ್ಚುಕಟ್ಟಾಗಿ ಕೊಯ್ದಿದ್ದ. ಕೊಯ್ದ ಪಟ್ಟಿಗಳು ಎಲ್ಲಿಗೆ ಹೋದವು ಎಂಬುದೂ ಗೊತ್ತಿತ್ತು. ಅವು ಯಾವಾಗಲೂ ಹೋಗುವುದು ಅಂಟು ಕುದಿಸುವ ಒಲೆಗೆ.

ಪೆಬೋಸ್ ಕಟ್ಟೆಯ ಮೇಲೆ ಕೂತುಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಅವನ ಎದುರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪಟೆರ್ಮೂತ ಹಾಳೆಯನ್ನು ಎತ್ತಿ ದೂರ ಹಿಡಿದು ಓದಿದ. ಓದಿ, ತಿರುಗಿಸಿ ನೋಡಿ, ಕೆಳಗಿಟ್ಟ.

"ನೀನು ಯಾರಿಗೆ ಹೆದರಿದ್ದು?" ಎಂದ.

"ಗೊತ್ತಿಲ್ಲ."

"ನನಗಾ?"

"ಎಲ್ಲರಿಗೂ."

"ಅಲ್ವೋ, ನಿಮ್ಮಕ್ಕನ ಕಥೆ ಈ ಊರಲ್ಲಿ ಕತ್ತೆಗಳಿಗೂ ಗೊತ್ತು. ಅವಳನ್ನ ಯಾರು ಏನು ಮಾಡಿದ್ರು? ನನ್ನ ಹೆಂಡತಿ ದಿನಾ ಗಂಜಿ ಒಯ್ತಾಳೆ. ನನಗೆ ಕೊಟ್ಟಿದ್ರೆ ಪಾರಿವಾಳದ ಗೂಡಲ್ಲಿ ಇಡ್ತಿದ್ದೆ. ಅಲ್ಲಿ ಯಾವ ಗುರು ಬಂದು ಕೈ ಹಾಕ್ತಿದ್ದ, ಹಿಕ್ಕೆಯೊಳಗೆ?"

ಆ ಮಾತು ಪೆಬೋಸನಿಗೆ ಪೆಟ್ಟಿಗಿಂತ ಜೋರಾಗಿ ತಾಗಿತು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಹೆದರಬೇಕಾದವರು ಯಾರಾದರೂ ಇದ್ದಿದ್ದರೆ, ಅಟ್ಟಿಸಿಕೊಂಡು ಬಂದವರು ಒಬ್ಬರಾದರೂ ಇದ್ದಿದ್ದರೆ, ಅವನಿಗೆ ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು.

ಪಟೆರ್ಮೂತ ದನಿ ತಗ್ಗಿಸಿದ. "ಕೇಳಿಲ್ಲಿ. ಅವಳಿಗೆ ಓದು ಬರಲ್ಲ. ಒಂದು ಕೀರ್ತನೆ ಸಾಲು ಕಿವಿಯಲ್ಲಿ ಹೇಳು. ಅವಳು ಅದೇ ಅಂದ್ಕೋತಾಳೆ. ನೆಮ್ಮದಿಯಾಗಿ ಹೋಗ್ಲಿ. ನನಗೂ ಖುಷಿ, ದೇವರಿಗೂ ಖುಷಿ."

ಪೆಬೋಸ್ ದಾರಿಯುದ್ದಕ್ಕೂ ಒಂದು ಸಾಲನ್ನು ನಾಲಿಗೆಯ ಮೇಲೆ ಹೊರಳಿಸುತ್ತ ಬಂದ. ಒಳ್ಳೆಯ ಸಾಲು. ಅದನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡ. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕನ ಪಕ್ಕ ಕೂತ.

"ಕೊಡಿಲ್ಲಿ," ಎಂದಳು ತಲೂಸ. "ಮುಟ್ತೀನಿ ಒಂದ್ಸಲ."

ಕೊಡದೆ ವಿಧಿ ಇರಲಿಲ್ಲ. ಅವಳಿಗೆ ಓದು ಬರದಿದ್ದರೂ ಆ ಪುಸ್ತಕದ ಮೈ ಗೊತ್ತಿತ್ತು. ಹಾಳೆಯ ಮೇಲೆ ಬೆರಳಾಡಿಸಿದಳು. ಅಲ್ಲಲ್ಲಿ ಜಿಗುಟು, ಅಲ್ಲಲ್ಲಿ ಒದ್ದೆ. ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಹಿಟ್ಟಿನ ವಾಸನೆ," ಎಂದಳು. "ಉಳಿದದ್ದೆಲ್ಲಿ? ಗಿಡ್ಡ ಆಗಿದೆಯಲ್ಲೋ ಇದು."

ನಾಲಿಗೆಯ ಮೇಲಿದ್ದ ಸಾಲು ಅಲ್ಲೇ ಒಣಗಿತು. ಎರಡನೆಯ ಸಲ ಹೇಳುವಾಗ ಕಥೆ ಇನ್ನೂ ಚಿಕ್ಕದಾಗಿತ್ತು. ಹೆದರಿದೆ, ರಟ್ಟು ಮಾಡಿದೆ, ಅಳತೆಗೆ ಕೊಯ್ದೆ, ಕೊಯ್ದದ್ದು ಒಲೆಗೆ ಹೋಯಿತು. ನಾಲ್ಕು ಮಾತು.

ತಲೂಸ ಹಾಳೆಯ ಕೊಯ್ದ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದಳು. ಹೊರಗೆ ಯಾರದೋ ಆಡುಗಳು ನೀರಿಗೆ ಹೋಗುತ್ತಿದ್ದವು.

"ಹೊಡೆದ್ರಾ ನಿನ್ನ?"

"ಇಲ್ಲಕ್ಕ."

"ಹೊರಗೆ ಹಾಕ್ತೀವಿ ಅಂದ್ರಾ?"

"ಇಲ್ಲ."

"ಕೇಳಿದ್ರಾ ಆದ್ರೂ?"

ಪೆಬೋಸ್ ತಲೆ ಅಲ್ಲಾಡಿಸಿದ.

"ಹೊಡೆದಿದ್ರೆ ಸುಮ್ಮನಿರ್ತಿದ್ದೆ ಕಣೋ," ಎಂದಳು. "ಹೊಡೆಸಿಕೊಂಡು ಕೊಟ್ಟಿದ್ರೆ ಪಾಪ ನನ್ನ ತಮ್ಮ ಅಂತಿದ್ದೆ." ಆಮೇಲೆ, "ನಾಲ್ಕು ವರ್ಷ ಆ ಪಾರಿವಾಳದೋನು ಪುಸ್ತಕ ಮುಂದೆ ಹಿಡಿದಾಗೆಲ್ಲ ಮುಖ ತಿರುಗಿಸ್ತಿದ್ದೆ. ತೊಗಲಿಗೆ ಮುತ್ತಿಡೋಳಲ್ಲ ನಾನು ಅಂತ. ನನ್ನದಕ್ಕೇ ನಾನು ಮುಖ ತಿರುಗಿಸಿದೆ ನೋಡು."

"ಅಕ್ಕಾ..."

"ಹೋಗ್ಲಿ ಬಿಡು. ಆರು ಬಾಗಿಲು ನನಗೆ ಬರುತ್ತೆ. ಏಳನೆಯದ್ರ ಹೊಸ್ತಿಲಲ್ಲಿ ಕೂತಿರ್ತೀನಿ. ನೀನೂ ಬರ್ತೀಯಲ್ಲ ಒಂದಿನ. ಅಷ್ಟರಲ್ಲಿ ನೆನಪು ಮಾಡ್ಕೊಂಡು ಬಾ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಂತೆಯಲ್ಲಿ ಕೈಬಿಟ್ಟು ಹೋದ ಹುಡುಗನಿಗೆ ಎಲ್ಲಿ ಕಾಯುತ್ತೇನೆಂದು ಹೇಳುವ ಹಾಗೆ ಹೇಳಿದಳು. ಅದಕ್ಕೇ ಪೆಬೋಸನಿಗೆ ತಡೆಯಲಾಗಲಿಲ್ಲ. ಐವತ್ತಾರರ ಸನ್ಯಾಸಿ ಅವಳ ಮಡಿಲಿಗೆ ಮುಖವಿಟ್ಟು ಅತ್ತ. ಅವಳು ಸೆರಗಿನಿಂದ ಅವನ ಮೂಗು ಒರೆಸಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಉಸಿರು ಗಂಟಲಿಗೆ ಬಂತು. ಎಣ್ಣೆ ಬೇಕಿತ್ತು. ಪಾದ್ರಿಯ ಹೆಂಡತಿ ತನ್ನ ದೀಪದ ಎಣ್ಣೆಯನ್ನೇ ಬಟ್ಟಲಿಗೆ ಬಗ್ಗಿಸಿ ತಂದಳು. ಪಟೆರ್ಮೂತ ಅಂಗಳದ ಅತ್ತಿಮರದ ಕೆಳಗೆ ಮನೆಗೆ ಬೆನ್ನು ಹಾಕಿ ನಿಂತ. "ನಾನು ಏನೂ ನೋಡ್ಲಿಲ್ಲ," ಎಂದು ಮರಕ್ಕೆ ಹೇಳುವವನ ಹಾಗೆ ಹೇಳಿದ.

ಪೆಬೋಸ್ ಎಣ್ಣೆ ನೀರು ಬೆರೆಸಿ ಅಕ್ಕನ ನೆತ್ತಿಗೆ ಹಚ್ಚಿದ. ಅವಳು ತಾನಾಗಿಯೇ ಶುರು ಮಾಡಿದಳು. ಬೀಸುವಾಗಿನ ಅದೇ ಧಾಟಿ, ಈಗ ಬರೀ ಗಾಳಿ. ಎಲ್ಲಿಂದ ಬಂದೆ, ಬೆಳಕಿನಿಂದ ಬಂದೆ. ಎಲ್ಲಿಗೆ ಹೋಗುವೆ, ಬಂದಲ್ಲಿಗೆ ಹೋಗುವೆ. ಮೂರು, ನಾಲ್ಕು, ಐದು. ನಿನ್ನ ಗಂಟಿನಲ್ಲಿ ಏನಿದೆ, ಇಲ್ಲಿಯದು ಏನೂ ಇಲ್ಲ. ಅಷ್ಟಕ್ಕೆ ನಿಂತಳು. ನಿನ್ನೆ ಆಡಿದ ಮಾತು ನೆನಪಿತ್ತೋ ಇಲ್ಲವೋ, ಪದ್ಧತಿ ನೆನಪಿತ್ತು. ಕತ್ತು ಹೊರಳಿಸಿ ಕಿವಿಯನ್ನು ಅವನತ್ತ ಕೊಟ್ಟಳು.

ಪೆಬೋಸ್ ಬಾಗಿದ. ಕೀರ್ತನೆಯ ಸಾಲು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಆ ಕಿವಿ ಕಾಯುತ್ತಿತ್ತು.

"ತಪ್ಪಾಯ್ತಕ್ಕ," ಎಂದ. "ನನ್ನಿಂದ ತಪ್ಪಾಯ್ತು."

ಹೇಳಿದ ಮೇಲೆ ಏನು ಮಾಡಿದೆನೆಂದು ತಿಳಿಯಿತು. ತಲೂಸಳ ತುಟಿ ಅಲುಗುತ್ತಿತ್ತು. ಕಿವಿಯಲ್ಲಿ ಬಿದ್ದದ್ದನ್ನು ತಿರುಗಿ ಹೇಳಬೇಕು. ನಲವತ್ತು ವರ್ಷದಿಂದ ಕಾದಿದ್ದ ಮಾತು ಎಂಬಂತೆ, ಕಡೆಗೆ ಕೇಳಿದ್ದನ್ನು ಒಂದಕ್ಷರವೂ ಬಿಡದೆ ಅವಳು ತಿರುಗಿ ಹೇಳಿದಳು. "ನನ್ನಿಂದ ತಪ್ಪಾಯ್ತು."

"ಅಲ್ಲಕ್ಕ, ಅದಲ್ಲ, ನಿನ್ನದಲ್ಲ..." ಎಂದು ಅವಳ ಭುಜ ಹಿಡಿದ. ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಊರಿನವರು ಮರಳಿನಲ್ಲಿ ಅವಳನ್ನು ಮಣ್ಣು ಮಾಡಿದರು. ಪಟೆರ್ಮೂತ ಕೇಳದೆಯೇ ಕೀರ್ತನೆ ಹಾಡಿದ, ಪೆಬೋಸ್ ಬೇಡವೆನ್ನಲಿಲ್ಲ. ಹೊದಿಕೆಯಿಲ್ಲದ ಪುಸ್ತಕವನ್ನು ಪಾದ್ರಿ ಎದೆಗೆ ಒತ್ತಿ ಹಿಡಿದಿದ್ದ.

ಮಠಕ್ಕೆ ಮರಳಿ ಪೆಬೋಸ್ ಆ ಪುಸ್ತಕಕ್ಕೆ ಹೊಸ ಹೊದಿಕೆ ಕಟ್ಟಿದ, ರದ್ದಿಯ ಬುಟ್ಟಿಯ ಹಾಳೆಗಳಿಂದ. ಅವತ್ತಿನಿಂದ ಅವನು ಅಂಚು ಕೊಯ್ಯುವುದನ್ನು ಬಿಟ್ಟ. ಉದ್ದವಾದ ಹಾಳೆಯನ್ನು ಒಳಕ್ಕೆ ಮಡಿಸುತ್ತಿದ್ದ. ರಟ್ಟು ಒಂದು ಕಡೆ ಉಬ್ಬಿ, ಒಂದು ಕಡೆ ತಗ್ಗಿ, ಪುಸ್ತಕ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಪೆಬೋಸನಿಗೆ ಮುಪ್ಪು ಬಂತು, ಕೈ ಹೋಯಿತು ಎಂದು ಜೊತೆಯವರು ಆಡಿಕೊಂಡರು. ಹೊರಿಯೋನ್ ಅಪ್ಪ ಬೆರಳಿನಿಂದ ತಡವಿ ನೋಡಿ ಇಟ್ಟುಬಿಟ್ಟ.

ಕೊನೆಯ ಹಾಳೆ ಈಗ ಅವನ ಚಾಪೆಯ ಮೇಲೆಯೇ ಇರುತ್ತದೆ, ಯಾರು ಬೇಕಾದರೂ ನೋಡುವ ಹಾಗೆ. ಇದುವರೆಗೆ ಯಾರೂ ಅದು ಏನೆಂದು ಕೇಳಿಲ್ಲ. ಕೆಲಸ ಮುಗಿಸಿ ಬಂದು ಅದರ ನೇರವಾದ ಅಂಚನ್ನು ನೋಡುತ್ತ ಕೂರುತ್ತಾನೆ. ನಿನ್ನನ್ನು ಏಕೆ ಬಿಡಬೇಕು? ಮೇಲಿನ ಅಮ್ಮನೂ ತಪ್ಪಾಯಿತೆಂದೇ ಅತ್ತಳಲ್ಲವೇ, ಒಂದು ವೇಳೆ ಅಲ್ಲಿ ಬರೆದದ್ದೂ ಅದೇ ಮಾತಾಗಿದ್ದರೆ ಎಂದು ಕೆಲವು ದಿನ ಅನ್ನಿಸುತ್ತದೆ. ಆ ದಿನ ಊಟ ಸೇರುತ್ತದೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೆ ಬಿಡುತ್ತಾರೆಯೇ ಎಂದು ಉಳಿದ ದಿನ ಅನ್ನಿಸುತ್ತದೆ. ಆಗ ಹೊಸ್ತಿಲಲ್ಲಿ ಕೂತ ಅಕ್ಕ ಕಾಣುತ್ತಾಳೆ, ತಾನು ಮಾಡದ ತಪ್ಪನ್ನು ಒಪ್ಪಿಕೊಂಡು, ಬರುವವರ ಮುಖಗಳಲ್ಲಿ ತಮ್ಮನ ಮುಖವನ್ನು ಹುಡುಕುತ್ತ.